ಭಾವಮೈದನ ಕ್ಲಿನಿಕ್ಕೂ ನನ್ನ ಕುತ್ತಿಗೆಯೂ

ಮನುಷ್ಯ ತನಗಿರುವ ಕಾಯಿಲೆಗಳಲ್ಲಿ ಬಹುಪಾಲನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ನಮ್ಮ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಪರಿಚಯದವರು ಎದುರಾದರೆ ಮೊದಲು ಮಳೆಯ ವಿಚಾರ, ಅದು ಮುಗಿದ ಕೂಡಲೇ ಶುಗರಿನ ವಿಚಾರ. ಬಿ.ಪಿ. ಎಷ್ಟು, ನೋಯುವ ಮಂಡಿ ಯಾವ ಕಡೆಯದು, ಗ್ಯಾಸು ಊಟಕ್ಕೆ ಮುಂಚೆಯೋ ಆಮೇಲೋ ಎಂಬುದನ್ನೆಲ್ಲ ಬಸ್ಸು ಹೊರಡುವವರೆಗೆ ಸಂತೋಷದಿಂದ ಹಂಚಿಕೊಳ್ಳುತ್ತಾರೆ. ಮೂಲವ್ಯಾಧಿಯನ್ನು ಕೂಡ ಸ್ವಲ್ಪ ದನಿ ತಗ್ಗಿಸಿ ಹೇಳಿಬಿಡುತ್ತಾರೆ. ಆದರೆ ‘ಈಚೆಗೆ ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿಯಾಗಿದೆ ಮಾರಾಯ್ರೆ, ಅನ್ನ ಸೇರುವುದಿಲ್ಲ’ ಎಂದು ಹೇಳಿಕೊಂಡವರನ್ನು ನಾನು ಇದುವರೆಗೆ ನೋಡಿಲ್ಲ. ಹಾಗಾಗಿ ಮೊದಲನೆಯವನು ನಾನೇ ಆಗುತ್ತೇನೆ. ನನಗೆ ಹೊಟ್ಟೆಕಿಚ್ಚು ಇದೆ. ನನ್ನ ಹೆಂಡತಿಯ ತಮ್ಮನ ಮೇಲೆ ಇದೆ. ಅವನು ಕ್ಲಿನಿಕ್ಕು ತೆರೆದ ದಿನದಿಂದ ಇದೆ.

ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಕನ್ನಡಕದ ಅಂಗಡಿಯವನಿಗೆ ಊರಿನಲ್ಲಿ ಹೇಳಿಕೊಳ್ಳುವಂಥ ಮರ್ಯಾದೆಯೇನೂ ಇರುವುದಿಲ್ಲ. ಹಾಕಿಕೊಂಡ ಮೇಲೆ ಚೆನ್ನಾಗಿ ಕಂಡರೆ ಅದು ಅವರವರ ಕಣ್ಣಿನ ಪುಣ್ಯ, ಕಾಣದಿದ್ದರೆ ಅಂಗಡಿಯವನ ತಪ್ಪು. ನನ್ನ ಮರ್ಯಾದೆಯೆಲ್ಲ ಇದ್ದದ್ದು ಎಡಗಾಲಿನಲ್ಲಿ. ನಾನು ಕಾಲು ಮುಂದಾಗಿ ಹುಟ್ಟಿದವನು. ಬೇರೆ ಮಕ್ಕಳೆಲ್ಲ ತಲೆ ಮೊದಲು ಹೊರಗೆ ಹಾಕಿದರೆ, ನಾನು ಮೊದಲು ಕಾಲು ಇಟ್ಟು, ನೆಲ ಗಟ್ಟಿ ಇದೆಯೋ ಇಲ್ಲವೋ ಎಂದು ನೋಡಿಕೊಂಡು ಆಮೇಲೆ ಬಂದೆ ಎಂದು ಅಮ್ಮ ಹೇಳುತ್ತಿದ್ದಳು. ಆ ಹೆರಿಗೆಯಲ್ಲಿ ಅವಳಿಗೆ ಜೀವ ಹೋಗಿ ಬಂದಿತ್ತಂತೆ. ನನಗೆ ಮಾತ್ರ ಅದರಿಂದ ಒಂದು ಪದವಿ ಸಿಕ್ಕಿತು. ಕಾಲು ಮುಂದಾಗಿ ಹುಟ್ಟಿದವರು ಕಾಲಿನಿಂದ ಬೆನ್ನು ನೇವರಿಸಿದರೆ ಸೊಂಟ ಹಿಡಿದದ್ದು, ಬೆನ್ನು ಉಳುಕಿದ್ದು ಬಿಟ್ಟುಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಓದಬೇಕಾಗಿಲ್ಲ, ಪರೀಕ್ಷೆ ಬರೆಯಬೇಕಾಗಿಲ್ಲ, ಹುಟ್ಟಿದರೆ ಸಾಕು.

ಭಾನುವಾರ ಬೆಳಿಗ್ಗೆ ಜನ ಬರಿಹೊಟ್ಟೆಯಲ್ಲಿ ನಮ್ಮ ಮನೆಗೆ ಬರುತ್ತಿದ್ದರು. ಜಗಲಿಯ ಮೇಲೆ ಚಾಪೆ ಹಾಸಿರುತ್ತಿತ್ತು. ಅದರ ಮೇಲೆ ಬೋರಲು ಮಲಗಬೇಕು. ನಾನು ಒಳಗಿನಿಂದ ಕಾಲು ತೊಳೆದುಕೊಂಡು ಬಂದು, ಎಡಗಾಲಿನಿಂದ ಬೆನ್ನನ್ನು ಮೂರು ಸಲ ಮೇಲಿನಿಂದ ಕೆಳಕ್ಕೆ ನೇವರಿಸಬೇಕು. ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ತೆಗೆದುಕೊಂಡರೆ ಕಾಲಿನ ಗುಣ ಹೋಗುತ್ತದೆ. ಯಾರಾದರೂ ಒಂದು ಚಿಪ್ಪು ಬಾಳೆಹಣ್ಣು ಇಟ್ಟುಹೋದರೆ ಬೇಡವೆನ್ನುವ ಹಾಗೂ ಇಲ್ಲ. ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಷ್ಟ್ರು ಕೂಡ ಒಮ್ಮೆ ಬಂದು ಮಲಗಿದರು. ಅವರ ಕೈಯಲ್ಲಿ ಬೆತ್ತ ತಿಂದ ವಿದ್ಯಾರ್ಥಿಗಳು ಈ ತಾಲ್ಲೂಕಿನಲ್ಲಿ ಎಷ್ಟೋ ಜನ ಇದ್ದಾರೆ, ಅವರ ಬೆನ್ನಿನ ಮೇಲೆ ಕಾಲಿಟ್ಟವನು ನಾನೊಬ್ಬನೇ. ಅವತ್ತು ಮೂರು ಸಲಕ್ಕೆ ಬದಲು ನಾಲ್ಕು ಸಲ ನೇವರಿಸಿದೆ ಎಂದು ನೆನಪು.

ಇಷ್ಟೆಲ್ಲ ಇದ್ದರೂ ನನ್ನ ಹೆಂಡತಿ ಸುಜಾತ ಮಾತ್ರ ಒಂದು ದಿನವೂ ಆ ಚಾಪೆಯ ಮೇಲೆ ಮಲಗಿದವಳಲ್ಲ. ಸೊಂಟ ಹಿಡಿದರೆ ಬಿಸಿನೀರಿನ ಚೀಲ ಕಟ್ಟಿಕೊಂಡು ಓಡಾಡುತ್ತಾಳೆ. ಯಾಕೆ ಎಂದು ಒಮ್ಮೆ ಕೇಳಿದೆ. “ಅಲ್ಲಿ ಮಲಗಿದವರೆಲ್ಲ ಎದ್ದು ನಿಮಗೆ ಕೈ ಮುಗಿದು ಮನೆಗೆ ಹೋಗ್ತಾರೆ. ನಾನು ಎದ್ದು ದೋಸೆ ಹೊಯ್ಬೇಕು. ಅಷ್ಟಕ್ಕೆ ಎಂತಕ್ಕೆ ಮಲಗುವುದು?” ಎಂದಳು.

ಈಗ ಭಾವಮೈದನಿಗೆ ಬರುತ್ತೇನೆ. ಪ್ರಮೋದ ನರಸಿಂಹರಾಜಪುರದವನು, ಸುಜಾತಳಿಗಿಂತ ಬಹಳ ಚಿಕ್ಕವನು. ಪಿಯುಸಿ ಓದುವಾಗ ರಜೆಯಲ್ಲಿ ನಮ್ಮ ಮನೆಗೆ ಬಂದವನು ಒಂದು ಭಾನುವಾರ ಜಗಲಿಯ ಮೂಲೆಯಲ್ಲಿ ಕೂತು ಎಲ್ಲ ನೋಡಿ, “ಭಾವ, ನೀವು ಕಾಲು ಇಡುವುದು ಯಾವ ಎಲುಬಿನ ಮೇಲೆ?” ಎಂದು ಕೇಳಿದ್ದ. “ಬೆನ್ನಿನ ಮೇಲೆ” ಎಂದಿದ್ದೆ. ಅವನಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಮುಂದೆ ಫಿಸಿಯೋಥೆರಪಿ ಓದಿದ. ಅಲ್ಲಿಗೂ ನಿಲ್ಲದೆ, ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಸರಿಪಡಿಸುವ ವಿದ್ಯೆ ಕಲಿಯುತ್ತೇನೆಂದು ಸಾಲ ಮಾಡಿ ಹೊರದೇಶಕ್ಕೆ ಹೋದ. ಕೈರೋಪ್ರಾಕ್ಟರ್ ಅಂದರೆ ಏನು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಮಾವ ಯಾರಾದರೂ ಕೇಳಿದರೆ, “ಎಂತದೋ ಬೆನ್ನು ತಿಕ್ಕುವ ಓದಂತೆ” ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಹೆಣ್ಣಿನ ಕಡೆಯವರು ಬಂದು, ಡಾಕ್ಟರೋ ಎಂದು ಕೇಳಿ, ಹೌದು ಎನ್ನಲೂ ಅಲ್ಲ ಎನ್ನಲೂ ಯಾರಿಗೂ ಧೈರ್ಯ ಬಾರದೆ, ಕಾಫಿ ಕುಡಿದು ಹೋಗುತ್ತಿದ್ದರು. ಆ ಕಾಲದಲ್ಲಿ ನನಗೆ ಪ್ರಮೋದನ ಮೇಲೆ ತುಂಬ ಪ್ರೀತಿ ಇತ್ತು. ಪಾಪ ಎನ್ನುವ ಸ್ಥಿತಿಯಲ್ಲಿ ಇರುವವರೆಗೂ ನೆಂಟರನ್ನು ಪ್ರೀತಿಸುವುದು ಬಹಳ ಸುಲಭ.

ಓದು ಮುಗಿಸಿದವನು ಅಲ್ಲೇ ಇದ್ದುಬಿಟ್ಟಿದ್ದರೆ ನನ್ನ ಪ್ರೀತಿಯೂ ಹಾಗೇ ಇರುತ್ತಿತ್ತು. ಅವನು ವಾಪಸ್ಸು ಬಂದ. ಬಂದವನು ತನ್ನ ಊರಿನಲ್ಲಿ ಅಂಗಡಿ ತೆರೆಯಬೇಕೋ ಬೇಡವೋ? ಎನ್.ಆರ್. ಪುರ ಒಂದು ಮೂಲೆಯಾಯಿತು, ಕೊಪ್ಪವಾದರೆ ಶೃಂಗೇರಿಯವರಿಗೂ ಜಯಪುರದವರಿಗೂ ಬಸ್ಸಿನ ಅನುಕೂಲ ಎಂದು ಲೆಕ್ಕ ಹಾಕಿ, ನನ್ನ ಅಂಗಡಿಯ ಎದುರು ಸಾಲಿನಲ್ಲೇ ಒಂದು ಕೋಣೆ ಹಿಡಿದ. ಸೊಂಟ ನೋವಿನವರು ಮೆಟ್ಟಿಲು ಹತ್ತುವ ಹಾಗಾಗಬಾರದು ಎಂದು ನೆಲದ ಮಟ್ಟದ ಕೋಣೆಯನ್ನೇ ಹುಡುಕಿದ್ದ. ಒಳಗೆ ಒಂದು ಉದ್ದನೆಯ ಮಂಚ, ಮುಖ ಇಡಲು ಅದರಲ್ಲೊಂದು ತೂತು. ನನ್ನ ಚಾಪೆಯಲ್ಲಿ ಮಲಗಿದವರು ಮೂಗು ನಜ್ಜುಗುಜ್ಜಾಗಿ ಏಳುತ್ತಿದ್ದುದು ಆ ತೂತನ್ನು ನೋಡಿದ ಮೇಲೆ ನನ್ನ ಗಮನಕ್ಕೆ ಬಂತು. ಬೋರ್ಡಿನ ಮೇಲಿನ ಹೆಸರು ಯಾರ ಬಾಯಿಗೂ ಹಿಡಿಸಲಿಲ್ಲ. ಕೀಲು ಸರಿಯಾಗುವಾಗ ಬೆರಳು ಲಟಿಕೆ ಮುರಿದ ಹಾಗೆ ಸದ್ದಾಗುವುದರಿಂದ ಊರವರು ಅವನನ್ನು ಲಟಿಕೆ ಡಾಕ್ಟ್ರು ಎಂದು ಕರೆದರು. ಅಡ್ಡಹೆಸರು ಬಿತ್ತೆಂದರೆ ಆಸಾಮಿ ಊರಿನವನಾದ ಎಂದೇ ಅರ್ಥ.

ನನ್ನ ಭಾನುವಾರಗಳು ಖಾಲಿಯಾಗತೊಡಗಿದವು. ಮೊದಲು ಪಕ್ಷ ಬದಲಿಸಿದವರು ಗಣಿತದ ಮೇಷ್ಟ್ರು. ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ಅಂಗಡಿಗೆ ಬಂದಾಗ ನಾನೇ ವಿಚಾರಿಸಿದೆ. “ನಿನ್ನ ಕಾಲು ಒಳ್ಳೆಯದೇ ಮಾರಾಯ. ಆದರೆ ಅವನು ನೋವು ಎಂತಕ್ಕೆ ಬಂತು ಅಂತ ಹೇಳ್ತಾನೆ. ನೀನು ಹೇಳುವುದಿಲ್ಲ” ಎಂದರು. “ನನ್ನ ಕಾಲಿಗೆ ಮಾತು ಬರುವುದಿಲ್ಲ ಸರ್” ಎಂದೆ. ಸ್ಕ್ರೂ ಸ್ವಲ್ಪ ಜಾಸ್ತಿಯೇ ಬಿಗಿಯಾಯಿತು. ಆಮೇಲಿನ ದಿನಗಳಲ್ಲಿ ನಾನು ಕೆಲಸವಿಲ್ಲದಿದ್ದರೂ ಕ್ಲಿನಿಕ್ಕಿನ ಮುಂದೆ ಹಾದುಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ಒಳಗೆ ಇಣುಕುತ್ತಿರಲಿಲ್ಲ, ಅಷ್ಟು ಕೆಳಗಿಳಿದವನಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಮಾತ್ರ ನೋಡುತ್ತಿದ್ದೆ. ವರ್ಷಗಟ್ಟಲೆ ನಮ್ಮ ಜಗಲಿಯ ಕೆಳಗೆ ಬಿಡುತ್ತಿದ್ದ ಚಪ್ಪಲಿಗಳು ಅಲ್ಲಿ ಸಾಲಾಗಿ ಕೂತಿದ್ದರೆ ಗುರುತು ಸಿಗದೆ ಇರುತ್ತದೆಯೇ? ಮನೆಗೆ ಬಂದರೆ ಸುಜಾತ ಕಡುಬಿನ ಡಬ್ಬಿ ಕಟ್ಟುತ್ತಿರುತ್ತಿದ್ದಳು. “ತಮ್ಮ ಪಾಪ ಬೆಳಿಗ್ಗೆಯಿಂದ ನಿಂತೇ ಇದ್ದಾನೆ” ಎನ್ನುತ್ತಿದ್ದಳು. ನಾನೂ ಜೀವಮಾನವಿಡೀ ಒಂದು ಕಾಲಿನ ಮೇಲೆ ನಿಂತವನೇ. ನನಗೆ ಯಾರೂ ಕಡುಬು ಕಟ್ಟಿ ಕೊಟ್ಟಿರಲಿಲ್ಲ.

ಇಂಥ ಹೊತ್ತಿನಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ಕಡಲೆಬೇಳೆಗಿಂತ ಚಿಕ್ಕ ಸ್ಕ್ರೂಗಳನ್ನು ಬಗ್ಗಿ ನೋಡಿ ನೋಡಿ ಬಂದ ನೋವು. ಬಲಕ್ಕೆ ತಿರುಗಲಾರೆ, ತಲೆ ಎಡ ಹೆಗಲಿಗೆ ವಾಲಿಕೊಂಡೇ ಇತ್ತು. ಊರಿನವರ ಬೆನ್ನಿಗೆಲ್ಲ ಕಾಲು ಕೊಟ್ಟವನ ಕಾಲು ಅವನ ಸ್ವಂತ ಕುತ್ತಿಗೆಗೆ ಎಟಕುವುದಿಲ್ಲವಲ್ಲ. ಸುಜಾತ ನನ್ನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಕ್ಲಿನಿಕ್ಕಿಗೆ ಹೋದಳು. ನಾನೂ ಬೇಡವೆನ್ನಲಿಲ್ಲ. ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕಿತ್ತು.

ಪ್ರಮೋದ ನನ್ನನ್ನು ಭಾವ ಎಂದು ನೋಡಲಿಲ್ಲ, ಹೊಸ ರೋಗಿ ಎಂದೇ ನೋಡಿದ. ಕೈ ಜುಮುಗುಡುತ್ತದೆಯೋ, ತಲೆ ಸುತ್ತುತ್ತದೆಯೋ, ದಿಂಬು ಎಷ್ಟು ದಪ್ಪ ಎಂದು ಕೇಳಿದ. ಎಕ್ಸ್‌ರೇ ತೆಗೆಸಿದ. ಮಂಚದ ಮೇಲೆ ಮಲಗಿಸಿ ಕುತ್ತಿಗೆಯ ಎರಡು ಪಕ್ಕವನ್ನೂ ಮೆತ್ತಗೆ ಒತ್ತುತ್ತ, ಪೇಟೆಯ ಸುದ್ದಿ ಏನೋ ಕೇಳುತ್ತ ಇದ್ದವನು ನಡುವೆ ಒಮ್ಮೆ ತಲೆ ತಿರುಗಿಸಿದ. ಲಟಕ್ ಎಂದಿತು. ನನ್ನ ಜೀವ ಬಾಯಿಗೆ ಬಂತು. ಮರುಕ್ಷಣ ನೋವು ಇದ್ದ ಜಾಗವೇ ಸಿಗಲಿಲ್ಲ. ಕುತ್ತಿಗೆ ಬೆಣ್ಣೆ ಹಚ್ಚಿದ ಹಾಗೆ ಹಗುರಾಗಿತ್ತು. ಆಹಾ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಆಚೆ ಬೆಂಚಿನ ಮೇಲೆ ಕೂತಿದ್ದ ಜನ ಕಣ್ಣಿಗೆ ಬಿದ್ದರು. ಎಲ್ಲರೂ ನನ್ನ ಭಾನುವಾರದವರು. ಅವರ ನಡುವೆ ಕೆರೆಕಟ್ಟೆಯಿಂದ ಮೊದಲ ಬಸ್ಸಿಗೆ ಕೋಲೂರಿಕೊಂಡು ಬಂದ ಸರೋಜಕ್ಕ ಕತ್ತು ಉದ್ದ ಮಾಡಿ ನನ್ನನ್ನೇ ನೋಡುತ್ತಿದ್ದರು. “ಹೇಗಾಯ್ತು ಭಾವ?” ಎಂದು ಪ್ರಮೋದ ಕೇಳಿದ. ನಾನು ತಲೆಯನ್ನು ಮೆಲ್ಲಗೆ ಮತ್ತೆ ಎಡ ಹೆಗಲಿಗೆ ವಾಲಿಸಿದೆ. “ಎಂತದೂ ವ್ಯತ್ಯಾಸ ಕಾಣುವುದಿಲ್ಲ ಮಾರಾಯ” ಎಂದೆ, ಬೆಂಚಿನವರಿಗೂ ಕೇಳಿಸುವ ಹಾಗೆ.

ನೋವು ಇರುವಾಗ ಕುತ್ತಿಗೆ ಓರೆಯಾಗುವುದು ಸುಲಭ. ನೋವಿಲ್ಲದೆ ಓರೆ ಹಿಡಿದುಕೊಂಡು ಓಡಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಹಿಂದಿನಿಂದ ಯಾರಾದರೂ ಕೂಗಿದರೆ ಇಡೀ ಮೈಯನ್ನೇ ತಿರುಗಿಸಬೇಕು. ಬಸ್ಸಿನ ಕಂಡಕ್ಟರು ಚಿಲ್ಲರೆ ಕೊಟ್ಟಾಗ ಕುತ್ತಿಗೆಗೆ ನೆನಪು ಮಾಡಿಕೊಡಬೇಕು. ನನ್ನ ಅಂಗಡಿಯಲ್ಲಂತೂ ಎಲ್ಲಿ ನೋಡಿದರೂ ಕನ್ನಡಿ, ಎಲ್ಲ ಕನ್ನಡಿಯಲ್ಲೂ ಒಬ್ಬ ಓರೆ ಕುತ್ತಿಗೆಯವನು. ಎಲ್ಲಕ್ಕಿಂತ ದೊಡ್ಡ ಫಜೀತಿ ವ್ಯಾಪಾರದಲ್ಲಿ ಆಯಿತು. ವಾಲಿದ ತಲೆಯಿಂದ ನೋಡಿ ನಾನು ಗಿರಾಕಿಗಳ ಮೂಗಿನ ಮೇಲೆ ನೆಟ್ಟಗೆ ಕೂರಿಸಿದ ಫ್ರೇಮುಗಳೆಲ್ಲ ಅವರ ಮನೆಯಲ್ಲಿ ಓರೆಯಾಗಿ ಕಾಣುತ್ತಿದ್ದವು. ವಾಪಸ್ಸು ತಂದು ಜಗಳ ಮಾಡುತ್ತಿದ್ದರು. ಜಯಪುರದ ಒಬ್ಬರು, “ಪೇಪರ್ ಓದ್ಬೇಕಾದ್ರೆ ಪೇಪರನ್ನೇ ಓರೆ ಹಿಡಿಬೇಕು, ಎಂತ ಮಾರಾಯ್ರೆ ಇದು” ಎಂದು ಕೇಳಿದರು. ನಷ್ಟವಾದರೂ ನನಗೆ ಬೇಸರವಾಗಲಿಲ್ಲ. ಹೊಟ್ಟೆಕಿಚ್ಚಿನವನಿಗೆ ತನ್ನ ನಷ್ಟ ಅಷ್ಟಾಗಿ ನೋಯುವುದಿಲ್ಲ.

ಯಾಕೆಂದರೆ ಆ ಕಡೆ ನನ್ನ ಕುತ್ತಿಗೆ ತನ್ನ ಕೆಲಸ ಮಾಡುತ್ತಿತ್ತು. ನಾನು ದಿನವಿಡೀ ಬಸ್‌ಸ್ಟ್ಯಾಂಡಿನ ಎದುರು ಕೂತಿರುವವನು. ಶೃಂಗೇರಿಯ ಬಸ್ಸಿಳಿದವರು ಮೊದಲು ನನ್ನ ಕುತ್ತಿಗೆಯನ್ನು ನೋಡಿ, ಆಮೇಲೆ ಕ್ಲಿನಿಕ್ಕಿನ ಬೋರ್ಡನ್ನು ನೋಡಿ, ಮತ್ತೆ ನನ್ನ ಕುತ್ತಿಗೆಯನ್ನು ನೋಡುತ್ತಿದ್ದರು. “ಸ್ವಂತ ಭಾವನ ಕುತ್ತಿಗೆ ನೆಟ್ಟಗೆ ಮಾಡ್ಲಿಕ್ಕೆ ಆಗ್ಲಿಲ್ಲ, ನಮ್ಮ ಸೊಂಟ ಎಂತ ಮಾಡ್ತಾನೆ” ಎಂದು ಹೋಟೆಲಿನಲ್ಲಿ ಮಾತಾಡಿಕೊಂಡರು. ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿಗಳು ಕಡಿಮೆಯಾದವು. ನಮ್ಮ ಜಗಲಿಯ ಕೆಳಗೆ ಒಂದೊಂದಾಗಿ ವಾಪಸ್ಸು ಬಂದವು. ನಾನು ಖುಷಿಪಟ್ಟೆ. ಸುಳ್ಳು ಯಾಕೆ ಹೇಳಲಿ, ತುಂಬ ಖುಷಿಪಟ್ಟೆ.

ಪ್ರಮೋದ ಮಾತ್ರ ನನ್ನನ್ನು ಬಿಡಲಿಲ್ಲ. ದಿನ ಬಿಟ್ಟು ದಿನ ಅಂಗಡಿಗೆ ಬಂದು ಕುತ್ತಿಗೆ ಮುಟ್ಟಿ ನೋಡುತ್ತಿದ್ದ. ನಾನು ಸ್ನಾಯು ಬಿಗಿ ಹಿಡಿದು ಕೂರುತ್ತಿದ್ದೆ. ಮತ್ತೆ ಪುಸ್ತಕ ತೆಗೆದು ಓದಿದ. ನನ್ನ ಎಕ್ಸ್‌ರೇಯನ್ನು ಹೊರದೇಶದಲ್ಲಿರುವ ತನ್ನ ಗುರುಗಳಿಗೆ ಕಳಿಸಿ, ವಿಡಿಯೋದಲ್ಲಿ ಅವರನ್ನು ನನಗೆ ತೋರಿಸಿದ. ಬಿಳಿಗಡ್ಡದ ಆ ಮನುಷ್ಯ ಅಷ್ಟು ದೂರದಿಂದ ನನ್ನನ್ನು ನೋಡಿ, ತನ್ನ ತಲೆಯನ್ನೂ ಅದೇ ಕಡೆಗೆ ವಾಲಿಸಿ ಯೋಚನೆಗೆ ಬಿದ್ದರು. ಎಲುಬಿನಲ್ಲಿ ಏನೂ ತೊಂದರೆ ಕಾಣುವುದಿಲ್ಲ ಎಂದರಂತೆ. ಹಾಗಾದರೆ ತಪ್ಪು ತನ್ನ ಕೈಯಲ್ಲೇ ಇದೆ ಎಂದು ಪ್ರಮೋದ ತೀರ್ಮಾನ ಮಾಡಿಕೊಂಡ. ಬಂದಿದ್ದ ನಾಲ್ಕಾರು ಜನರಿಗೂ ಕೈ ಹಾಕಲು ಹೆದರತೊಡಗಿದ.

ಒಂದು ಸಂಜೆ ಸುಜಾತ ಕಾಫಿ ಲೋಟ ಮುಂದಿಟ್ಟು, “ಪ್ರಮೋದ ಕ್ಲಿನಿಕ್ಕು ಮುಚ್ತಾನಂತೆ. ಮಂಗಳೂರಲ್ಲಿ ಒಂದು ಆಸ್ಪತ್ರೆಯವರು ಕರೆದಿದ್ದಾರೆ, ಫಿಸಿಯೋಥೆರಪಿ ಮಾತ್ರ ಮಾಡ್ಕೊಂಡು ಇರ್ತೇನೆ ಅಂದ. ಕಲಿತದ್ದು ನನ್ನ ಕೈಗೆ ಹತ್ತಲಿಲ್ಲ ಅಕ್ಕ ಅಂತ ಅತ್ತ” ಎಂದಳು. ನಾನು ಕಾಫಿ ಕುಡಿದು ಮುಗಿಸಿದೆ. ಅವಳು ಲೋಟ ತೆಗೆದುಕೊಂಡು ಒಳಗೆ ಹೋಗುವಾಗ, ತಿರುಗಿ ಕೂಡ ನೋಡದೆ, “ನಿದ್ದೆಯಲ್ಲಿ ನಿಮ್ಮ ಕುತ್ತಿಗೆ ಎರಡೂ ಕಡೆ ಚೆನ್ನಾಗಿ ತಿರುಗ್ತದೆ” ಎಂದಳು. ಅಷ್ಟೇ ಹೇಳಿದ್ದು. ಬೈದಿದ್ದರೆ ತಿರುಗಿ ನಾನೂ ಒಂದೆರಡು ಮಾತು ಆಡಬಹುದಿತ್ತು.

ಆದರೂ ಮರುದಿನ ನಾನು ಓರೆ ಕುತ್ತಿಗೆಯಲ್ಲೇ ಅಂಗಡಿಗೆ ಹೋದೆ. ಇಷ್ಟು ದಿನ ವಾಲಿಸಿಕೊಂಡಿದ್ದನ್ನು ಒಮ್ಮೆಲೇ ನೆಟ್ಟಗೆ ಮಾಡುವುದು ಹೇಗೆ? ಅದಕ್ಕೊಂದು ಕಾರಣ ಬೇಡವೇ? ನಾಳೆ ಮಾಡಿದರಾಯಿತು ಎಂದುಕೊಳ್ಳುತ್ತಲೇ ಭಾನುವಾರ ಬಂತು.

ಆ ಭಾನುವಾರ ಜಗಲಿಯ ತುಂಬ ಜನ ಇದ್ದರು. ಸರೋಜಕ್ಕನೂ ಬಂದಿದ್ದರು. ಅಷ್ಟರಲ್ಲಿ ಗೇಟು ತೆಗೆದುಕೊಂಡು ಪ್ರಮೋದ ಬಂದ. ನಡುವಿನಿಂದ ಮೇಲೆ ಸ್ವಲ್ಪ ಬಗ್ಗಿದ್ದ. ಮಂಗಳೂರಿಗೆ ಸಾಗಿಸಲೆಂದು ಕ್ಲಿನಿಕ್ಕಿನ ಆ ತೂತಿನ ಮಂಚವನ್ನು ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತ್ತು. ತನ್ನ ಬೆನ್ನಿನ ಲಟಿಕೆಯನ್ನು ತಾನೇ ತೆಗೆದುಕೊಳ್ಳಲು ಆಗುವುದಿಲ್ಲ. “ಹೊರಡುವುದರೊಳಗೆ ಒಮ್ಮೆ ನಿಮ್ಮ ಕಾಲು ಮುಟ್ಟಿಸಿ ಭಾವ” ಎಂದು ಹೇಳಿ, ಅಷ್ಟು ಜನರ ಎದುರು, ಅಷ್ಟೆಲ್ಲ ಓದಿದವನು ಚಾಪೆಯ ಮೇಲೆ ಬೋರಲು ಮಲಗಿದ. ಅವನಲ್ಲಿ ಅಣಕ ಇದೆಯೋ ಎಂದು ಹುಡುಕಿದೆ, ಇರಲಿಲ್ಲ. ನಾನು ಕಾಲು ತೊಳೆದುಕೊಂಡು ಬಂದು ಮೂರು ಸಲ ನೇವರಿಸಿದೆ. ನನ್ನ ಜೀವಮಾನದಲ್ಲೇ ಮೊದಲ ಬಾರಿಗೆ ಯಾವ ಎಲುಬಿನ ಮೇಲೆ ಕಾಲು ಇಡುತ್ತಿದ್ದೇನೆ ಎಂದು ಯೋಚನೆಯಾಯಿತು. ಪ್ರಮೋದ ಎದ್ದು ನಿಂತ. “ಹೋಯ್ತು ಭಾವ. ಪೂರ್ತಿ ಹೋಯ್ತು” ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ. ಜಗಲಿಯವರೆಲ್ಲ ತಲೆ ಆಡಿಸಿದರು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಮೆಟ್ಟಿಲಿಳಿದು ಗೇಟಿನ ಆಚೆ ಹೋದ.

ನಾನು ಕಾಲು ಒರೆಸಿಕೊಳ್ಳಲು ಒಳಗೆ ಹೋದವನು ಕಿಟಕಿಯಲ್ಲಿ ನೋಡಿದೆ. ಜಗಲಿಯವರಿಗೆ ಕಾಣದ ತಿರುವಿನಲ್ಲಿ ಪ್ರಮೋದ ಕಾಂಪೌಂಡು ಗೋಡೆ ಹಿಡಿದುಕೊಂಡು ಬಗ್ಗಿ ನಿಂತಿದ್ದ. ಹಲ್ಲು ಕಚ್ಚಿಕೊಂಡು ಒಂದು ಕಾಲು ಮುಂದಿಡುತ್ತಾನೆ, ಮತ್ತೆ ಗೋಡೆ ಹಿಡಿಯುತ್ತಾನೆ. ಹೋದ ನೋವನ್ನು ಇದೆ ಎಂದು ಹೇಳಿದವನು ನಾನು. ಇರುವ ನೋವನ್ನು ಹೋಯ್ತು ಎಂದು ಹೇಳಿದವನು ಅವನು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಟವೆಲನ್ನು ಅಲ್ಲೇ ಬಿಸಾಡಿ ಹಿಂಬಾಗಿಲಿನಿಂದ ಓಡಿದೆ.

“ಪ್ರಮೋದ, ನನ್ನ ಕುತ್ತಿಗೆ ಸರಿ ಇದೆ ಮಾರಾಯ. ನೀನು ಮುಟ್ಟಿದ ದಿನವೇ ಸರಿಯಾಗಿದೆ” ಎಂದೆ. ಅವನು ತನ್ನ ನೋವನ್ನೂ ಮರೆತು, ಎರಡೂ ಕೈಯಿಂದ ನನ್ನ ತಲೆ ಹಿಡಿದು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಅವನ ಮುಖ ಅರಳಿತು. “ಹೌದು ಭಾವ, ಪೂರ್ತಿ ತಿರುಗ್ತದೆ. ಮತ್ತೆ ಇಷ್ಟು ದಿನ ಓರೆ ಹಿಡ್ಕೊಂಡು ಎಂತ ಮಾಡ್ತಿದ್ರಿ?”

“ಹೊಟ್ಟೆಕಿಚ್ಚು ಮಾರಾಯ” ಎಂದೆ.

“ಅದಕ್ಕೆ ನಮ್ಮ ಕೋರ್ಸಲ್ಲಿ ಎಂತದೂ ಕಲಿಸ್ಲಿಲ್ಲ ಭಾವ” ಎಂದ. ನಗಲು ಹೋಗಿ ಸೊಂಟ ಹಿಡಿದುಕೊಂಡ. ಹೆಗಲು ಕೊಟ್ಟು ಹಿಂಬಾಗಿಲಿನಿಂದಲೇ ಅವನನ್ನು ಒಳಗೆ ಕರೆತಂದೆ. ಸುಜಾತ ಅವನಿಗೆ ಬಿಸಿನೀರಿನ ಚೀಲ ಕೊಟ್ಟಳು.

ನಾನು ನೇರವಾಗಿ ಜಗಲಿಗೆ ಹೋಗಿ ಎಲ್ಲರ ಎದುರು ಕುತ್ತಿಗೆಯನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ತೋರಿಸಿದೆ. ಇದು ಪ್ರಮೋದ ಮಾಡಿದ್ದು, ನಾನು ಇಷ್ಟು ದಿನ ಬೇಕೆಂದೇ ನಾಟಕ ಮಾಡಿದೆ ಎಂದು ಬಿಡಿಸಿ ಹೇಳಿದೆ. ಸರೋಜಕ್ಕ ಕೈ ಮುಗಿದು, “ನೋಡಿ, ಭಾವಮೈದನ ಬೆನ್ನು ಮುಟ್ಟಿದ ಕೂಡ್ಲೆ ಅವರ ಕುತ್ತಿಗೆಯೇ ಸರಿಯಾಯ್ತು” ಎಂದರು. ಅಲ್ಲ ಎಂದೆ. “ಗುಣ ಇರುವವರು ಹಾಗೇ ಹೇಳುವುದು, ತಮ್ಮದು ಎಂತದೂ ಇಲ್ಲ ಅಂತ” ಎಂದು ಇನ್ನೊಬ್ಬರು ಸಮಾಧಾನ ಮಾಡಿದರು. ನಾನು ಎಷ್ಟು ಜೋರಾಗಿ ಅಲ್ಲವೆಂದೆನೋ ಅಷ್ಟು ನನ್ನ ಮಹಿಮೆ ಹೆಚ್ಚಿತು. ಮುಂದಿನ ಭಾನುವಾರ ಶೃಂಗೇರಿಯಿಂದ ಜೀಪು ಮಾಡಿಕೊಂಡು ಬಂದರು. ಸುಜಾತ ಅಟ್ಟದಿಂದ ಹಳೆಯ ಜಮಖಾನ ಇಳಿಸಬೇಕಾಯಿತು.

ನಿಜ ಹೇಳಿದರೆ ಯಾರೂ ನಂಬದಿದ್ದಾಗ ಮನುಷ್ಯ ಏನು ಮಾಡಬೇಕು? ಶಾಸ್ತ್ರಕ್ಕೆ ನಾನೇ ಒಂದು ಹೊಸ ನಿಯಮ ಸೇರಿಸಿದೆ. ಕಾಲು ಮುಟ್ಟಿಸಿಕೊಂಡವರು ಅದೇ ದಿನ ಹೊತ್ತು ಮುಳುಗುವುದರೊಳಗೆ ಲಟಿಕೆ ಡಾಕ್ಟ್ರಿಗೆ ಬೆನ್ನು ತೋರಿಸಬೇಕು, ಇಲ್ಲದಿದ್ದರೆ ಉಳುಕು ತಿರುಗಿ ಬರುತ್ತದೆ ಎಂದೆ. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ದೂರದಿಂದ ಬಂದವರಂತೂ ಬಸ್ಸಿನ ಖರ್ಚಿನಲ್ಲಿ ಎರಡೂ ಮುಗಿಯಿತಲ್ಲ ಎಂದು ಸಂತೋಷಪಟ್ಟರು. ಪ್ರಮೋದನ ಮಂಚ ಮತ್ತೆ ಗೋಡೆಯ ಪಕ್ಕಕ್ಕೆ ಬಂತು, ಭಾನುವಾರದ ರಜೆಯನ್ನೇ ಅವನು ಬಿಡಬೇಕಾಯಿತು. ಮಂಗಳೂರಿನವರಿಗೆ ಬರುವುದಿಲ್ಲವೆಂದು ಫೋನು ಮಾಡಿದ. ತನ್ನ ಕೈಯಿಂದ ಆಗುವುದಲ್ಲ ಎಂದು ಕಂಡವರನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾನೆ, ಅದಕ್ಕೂ ಜನ ಅವನನ್ನೇ ಹೊಗಳುತ್ತಾರೆ. ಅವನ ಸೊಂಟ ವಾರ ಕಳೆದ ಮೇಲೆ ತಾನಾಗಿ ಸರಿಯಾಯಿತು. ಈಚೆಗೆ ಅವನಿಗೆ ಹೆಣ್ಣಿನ ಕಡೆಯವರೂ ಬರುತ್ತಿದ್ದಾರೆ, ಕಾಫಿಯ ಜೊತೆ ತಿಂಡಿಯನ್ನೂ ತಿಂದು ಹೋಗುತ್ತಿದ್ದಾರೆ. ಎಲ್ಲ ನನ್ನಿಂದಲೇ ಆದದ್ದು ಎಂದು ನಾನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಸುಜಾತಳ ಹತ್ತಿರ ಒಮ್ಮೆ ಹೇಳಲು ಹೋಗಿ ಅವಳ ಮುಖ ನೋಡಿ ನಿಲ್ಲಿಸಿದೆ.

ಹಾಗಾಗಿ ಈಗ ಮನಸ್ಸಿಗೆ ಸಮಾಧಾನ ಎಂದೇ ತಿಳಿದುಕೊಂಡಿದ್ದೆ. ಮೊನ್ನೆ ಸರೋಜಕ್ಕ ಕೆರೆಕಟ್ಟೆಯ ಬಸ್ಸಿಳಿದರು. ಕೋಲಿಲ್ಲದೆ ನೆಟ್ಟಗೆ ನಡೆಯುತ್ತಿದ್ದರು. ಕೈಯಲ್ಲಿ ಒಂದು ದೊಡ್ಡ ಬಾಟಲಿ ತುಂಬ ಕಾಡಿನ ಜೇನು, ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು. ನಾನು ಎದ್ದು ನಿಂತು ಪಂಚೆ ಸರಿಮಾಡಿಕೊಂಡು, ಬೇಡ ಬೇಡ ಎನ್ನಲು ಎರಡು ಕೈಯನ್ನೂ ಸಿದ್ಧ ಮಾಡಿಕೊಂಡೆ. ಅವರು ಅಂಗಡಿಯ ಮುಂದೆ ಬಂದು, “ಆರಾಮಾ?” ಎಂದು ಕೇಳಿ, ನಿಲ್ಲದೆ ರಸ್ತೆ ದಾಟಿ ನೇರ ಕ್ಲಿನಿಕ್ಕಿನ ಬಾಗಿಲಿಗೆ ಹೋದರು. ಆ ಜೇನಿನ ಬಾಟಲಿಯ ಹಿಂದೆಯೇ ನನ್ನ ಕುತ್ತಿಗೆ ಎಡದಿಂದ ಬಲದವರೆಗೆ, ಎಲ್ಲಿಯೂ ಹಿಡಿಯದೆ, ಒಂದು ಚೂರೂ ನೋವಿಲ್ಲದೆ ಪೂರ್ತಿ ತಿರುಗಿತು.